ಗುಂಟೆ ಲೆಕ್ಕ ತಪ್ಪಿದರೆ ಎಲ್ಲಿ ಹುಡುಕಬೇಕು: ಆಟೋಲಿಸ್ಪ್ ಕೋಡನ್ನು ಎಐ ಮೂಲಕ ಕಾಮನ್ ಲಿಸ್ಪ್‌ಗೆ ತಿರುಗಿಸಿದವರಿಗೆ ದೋಷ ನಿವಾರಣೆ ಕೈಪಿಡಿ

ಮಂಡ್ಯ, ಮೈಸೂರು ಕಡೆಯ ಸರ್ವೆ ಮತ್ತು ಸಿವಿಲ್ ಡ್ರಾಯಿಂಗ್ ಕೆಲಸದಲ್ಲಿ ಹಳೆಯ ಆಟೋಲಿಸ್ಪ್ ಫೈಲುಗಳು ಇನ್ನೂ ಓಡುತ್ತಿವೆ. ಆಟೋಲಿಸ್ಪ್ ಅಂದರೆ ಆಟೋಕ್ಯಾಡ್ ತರದ ಡ್ರಾಯಿಂಗ್ ಸಾಫ್ಟ್‌ವೇರ್ (ಕ್ಯಾಡ್) ಒಳಗೆ ಓಡುವ, ಲಿಸ್ಪ್ ಕುಟುಂಬದ ಪ್ರೋಗ್ರಾಮಿಂಗ್ ಭಾಷೆ. ಬರೆದವರು ಕೆಲಸ ಬಿಟ್ಟು ಹೋಗಿರುತ್ತಾರೆ, ಫೈಲು ಮಾತ್ರ ಉಳಿದಿರುತ್ತದೆ. ಚದರ ಅಡಿಯನ್ನು ಎಕರೆ-ಗುಂಟೆ ಮಾಡುವುದು, ನಾಲೆ ಕೆಲಸದಲ್ಲಿ ಅಗೆಯುವ ಮಣ್ಣೆಷ್ಟು, ತುಂಬುವ ಮಣ್ಣೆಷ್ಟು ಅಂತ ಕೂಡುವುದು, ಸರ್ವೆ ನಂಬರಿನ ಪ್ರಕಾರ ಪಟ್ಟಿ ತೆಗೆಯುವುದು, ಹೀಗೆ. ಆಟೋಲಿಸ್ಪ್ ಓಡಬೇಕಾದರೆ ಕ್ಯಾಡ್ ಸಾಫ್ಟ್‌ವೇರ್ ತೆರೆದಿರಬೇಕು. ಬರೀ ಲೆಕ್ಕಕ್ಕೆ ಅಷ್ಟೆಲ್ಲಾ ಯಾಕೆ ಅಂತ ಈಗ ಜನ ಈ ಕೋಡನ್ನು ಎಐ ಕೈಗೆ ಕೊಟ್ಟು ಅದೇ ಕುಟುಂಬದ ಬೇರೆ ಭಾಷೆಗಳಾದ ಕಾಮನ್ ಲಿಸ್ಪ್‌ಗೋ, ರ್ಯಾಕೆಟ್‌ಗೋ, ಕ್ಲೋಜರ್‌ಗೋ ತಿರುಗಿಸುತ್ತಿದ್ದಾರೆ.

ಎರಡೂ ಲಿಸ್ಪ್ ತಾನೇ, ಎರಡರಲ್ಲೂ ಅದೇ ಬ್ರಾಕೆಟ್ಟು, ಎಐಗೆ ಇದೇನು ಕಷ್ಟ ಅಂತ ಅನ್ನಿಸುತ್ತದೆ. ತೊಂದರೆ ಶುರುವಾಗುವುದೇ ಅಲ್ಲಿ. ಜಾನ್ ಮೆಕಾರ್ಥಿ 1958ರಲ್ಲಿ ಎಂಐಟಿಯಲ್ಲಿ ಲಿಸ್ಪ್ ಕೆಲಸ ಶುರು ಮಾಡಿದರು. ಅಲ್ಲಿಂದ ಇದರ ಕವಲುಗಳು ಬೇರೆ ಬೇರೆ ದಾರಿ ಹಿಡಿದವು. ಸ್ಕೀಮ್ (ರ್ಯಾಕೆಟ್ ಇದರದೇ ಕವಲು) ಬಂದದ್ದು 1975ರಲ್ಲಿ, ಆಟೋಲಿಸ್ಪ್ 1986ರಲ್ಲಿ. ಕಾಮನ್ ಲಿಸ್ಪ್‌ಗೆ ಆನ್ಸಿ (ಅಮೆರಿಕದ ಮಾನಕ ಸಂಸ್ಥೆ) ಸ್ಟ್ಯಾಂಡರ್ಡ್ ಆದದ್ದು 1994ರಲ್ಲಿ. ಕ್ಲೋಜರ್ ಹೊರಬಂದದ್ದು 2007ರಲ್ಲಿ. ಪದಗಳು ಅವೇ ಉಳಿದವು, ಕೆಲಸ ಬೇರೆಯಾಯಿತು. ಪೈಥಾನಿನಿಂದ ಲಿಸ್ಪ್‌ಗೆ ತಿರುಗಿಸಿದರೆ ಎಐ ಪ್ರತಿ ಸಾಲನ್ನೂ ಹೊಸದಾಗಿ ಬರೆಯಲೇಬೇಕು. ಲಿಸ್ಪ್‌ನಿಂದ ಲಿಸ್ಪ್‌ಗೆ ಅಂದರೆ ಅದು ಅರ್ಧ ಸಾಲುಗಳನ್ನು ಹಾಗೇ ಎತ್ತಿ ಇಡುತ್ತದೆ. ಹಾಗೇ ಎತ್ತಿಟ್ಟ ಸಾಲೇ ಜಾಸ್ತಿ ಕಾಟ ಕೊಡುತ್ತದೆ.

ಎರರ್ ಬಂದರೆ ನಿಮ್ಮ ಪುಣ್ಯ. ಈ ಕೈಪಿಡಿ ಹೆಚ್ಚಾಗಿ ಎರರ್ ಬಾರದೆ ತಪ್ಪು ಉತ್ತರ ಬರುವ ದೋಷಗಳ ಬಗ್ಗೆ. ಗುರಿ ಭಾಷೆ ಕಾಮನ್ ಲಿಸ್ಪ್, ಓಡಿಸುವುದು ಕಾಮನ್ ಲಿಸ್ಪ್ ಕಂಪೈಲರ್ ಆದ ಎಸ್‌ಬಿಸಿಎಲ್‌ನಲ್ಲಿ ಅಂತ ಇಟ್ಟುಕೊಂಡಿದ್ದೇನೆ. ರ್ಯಾಕೆಟ್, ಕ್ಲೋಜರ್ ವಿಷಯ ಬೇರೆಯಾಗುವ ಕಡೆ ಅಲ್ಲಲ್ಲೇ ಹೇಳುತ್ತೇನೆ. ಓದಲು ಸುಲಭವಾಗಲಿ ಅಂತ ಕೋಡಿನ ಪದಗಳನ್ನೂ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ.

ಎಐಗೆ ವಾಪಸ್ ಹೋಗುವ ಮುಂಚೆ

ಲೆಕ್ಕ ತಪ್ಪಿದೆ ಅಂತ ಗೊತ್ತಾದ ಕೂಡಲೇ "ಇದು ತಪ್ಪು, ಸರಿ ಮಾಡು" ಅಂತ ಎಐಗೆ ಹೇಳಬೇಡಿ. ಅದು ಏನಾದರೂ ಒಂದನ್ನು ಬದಲಿಸಿಯೇ ಬದಲಿಸುತ್ತದೆ. ದೋಷ ಎಲ್ಲಿದೆ ಅಂತ ನಿಮಗೇ ಗೊತ್ತಿಲ್ಲದಿದ್ದರೆ, ಬದಲಿಸಿದ್ದು ಸರಿಯಾದ ಜಾಗವಾ ಅಂತ ಹೇಗೆ ತಿಳಿಯುತ್ತದೆ?

ಮೊದಲು ಹಳೆಯ ಕೋಡನ್ನು ಕ್ಯಾಡ್ ಒಳಗೇ ಓಡಿಸಿ, ಒಂದಿಷ್ಟು ಇನ್‌ಪುಟ್‌ಗೆ ಏನು ಉತ್ತರ ಬರುತ್ತದೆ ಅಂತ ಫೈಲಿಗೆ ಬರೆದಿಟ್ಟುಕೊಳ್ಳಿ. ಇನ್‌ಪುಟ್ ಆರಿಸುವಾಗ ಸ್ವಲ್ಪ ಕಿತಾಪತಿ ಬುದ್ಧಿ ಬೇಕು. ಒಂದು ಎಕರೆಗೆ ಸರಿಯಾಗಿ 43,560 ಚದರ ಅಡಿ. ಅದನ್ನು ಕೊಟ್ಟರೆ ಕೆಟ್ಟ ಕೋಡೂ ಸರಿ ಉತ್ತರ ಕೊಡುತ್ತದೆ. 60,000 ಕೊಡಿ. ಖಾಲಿ ಪಟ್ಟಿ ಕೊಡಿ. ಮೈನಸ್ ಸಂಖ್ಯೆ ಕೊಡಿ. ಒಂದೇ ಅಳತೆ ಎರಡು ಸಲ ಬರುವ ಪಟ್ಟಿ ಕೊಡಿ. ಓರೆಗೆರೆ ಇರುವ ಸರ್ವೆ ನಂಬರ್ ಕೊಡಿ. ಆಮೇಲೆ ಹೊಸ ಕೋಡಿಗೂ ಅವನ್ನೇ ಕೊಟ್ಟು ಎರಡು ಫೈಲನ್ನೂ ಹೋಲಿಸಿ.

ಉತ್ತರ ಬೇರೆ ಬಂದ ಇನ್‌ಪುಟ್ ಸಿಕ್ಕಿತಾ? ಈಗ ಎರಡೂ ಕಡೆ ಟ್ರೇಸ್ ಹಾಕಿ. ಟ್ರೇಸ್ ಅನ್ನುವ ಸೌಲಭ್ಯ ಆಟೋಲಿಸ್ಪ್‌ನಲ್ಲೂ ಇದೆ, ಕಾಮನ್ ಲಿಸ್ಪ್‌ನಲ್ಲೂ ಇದೆ. ಯಾವ ಫಂಕ್ಷನ್ ಒಳಗೆ ಏನು ಹೋಯಿತು, ಏನು ಹೊರಬಂತು ಅಂತ ಅದು ತೋರಿಸುತ್ತದೆ. ಮೇಲಿನಿಂದ ಕೆಳಗೆ ನೋಡುತ್ತಾ ಬನ್ನಿ. ಒಂದೇ ಇನ್‌ಪುಟ್‌ಗೆ ಬೇರೆ ಉತ್ತರ ಕೊಟ್ಟ ಮೊದಲ ಫಂಕ್ಷನ್ ಯಾವುದೋ ಅದರ ಒಳಗೆ ದೋಷ ಇದೆ. ಅದರ ಕೆಳಗಿನ ಗಲಾಟೆಯೆಲ್ಲಾ ಅದರಿಂದ ಹುಟ್ಟಿದ್ದೇ ಇರಬಹುದು, ಸದ್ಯಕ್ಕೆ ಬಿಡಿ.

ಫೈಲೇ ಲೋಡ್ ಆಗುತ್ತಿಲ್ಲ

ಇದು ಸುಲಭದ್ದು. ಎಐ ಉದ್ದ ಫಂಕ್ಷನ್ ಬರೆಯುವಾಗ ಕೊನೆಯ ಬ್ರಾಕೆಟ್‌ಗಳನ್ನು ಒಂದು ಜಾಸ್ತಿಯೋ ಕಡಿಮೆಯೋ ಹಾಕುತ್ತದೆ. ಎಣಿಸುತ್ತಾ ಕೂರಬೇಡಿ. ಈಮ್ಯಾಕ್ಸ್ ಎಡಿಟರ್‌ನಲ್ಲಿ ಫೈಲ್ ತೆರೆದು ಪೂರ್ತಿ ಮತ್ತೆ ಇಂಡೆಂಟ್ ಮಾಡಿ. ಎಐ ಕೊಟ್ಟ ಇಂಡೆಂಟ್ ಅದರ ಮನಸ್ಸಿನಲ್ಲಿ ಏನಿತ್ತು ಅಂತ ಹೇಳುತ್ತದೆ. ಎಡಿಟರ್ ಕೊಡುವ ಇಂಡೆಂಟ್ ಬ್ರಾಕೆಟ್‌ಗಳು ನಿಜಕ್ಕೂ ಏನು ಹೇಳುತ್ತಿವೆ ಅಂತ ತೋರಿಸುತ್ತದೆ. ಜಾಗ ಬದಲಿಸಿದ ಮೊದಲ ಸಾಲಿನ ಸ್ವಲ್ಪ ಮೇಲೆ ತಪ್ಪಿದೆ.

ಬ್ರಾಕೆಟ್ ಸರಿಯಿದ್ದು ಲೋಡ್ ಆದರೂ, ಹಳೆಯ ಫೈಲಿನಲ್ಲಿ ಎಷ್ಟು ಡಿಫನ್ (ಫಂಕ್ಷನ್ ಶುರು ಮಾಡುವ ಪದ) ಇದ್ದವು, ಹೊಸದರಲ್ಲಿ ಎಷ್ಟಿವೆ ಅಂತ ಒಮ್ಮೆ ನೋಡಿ. ಉದ್ದ ಫೈಲ್ ಕೊಟ್ಟಾಗ ಎಐ ನಡುವೆ "ಉಳಿದದ್ದು ಹಿಂದಿನಂತೆಯೇ" ಅಂತ ಒಂದು ಕಾಮೆಂಟ್ ಬರೆದು ಹಾರಿಬಿಡುತ್ತದೆ.

ಇಲ್ಲದ ಫಂಕ್ಷನ್ ಕರೆಯುವುದೂ ಮಾಮೂಲು. ರ್ಯಾಕೆಟ್‌ನ ಫಿಲ್ಟರ್, ಸ್ಟ್ರಿಂಗ್-ಸ್ಪ್ಲಿಟ್ ಎಲ್ಲಾ ಕಾಮನ್ ಲಿಸ್ಪ್ ಕೋಡಿನೊಳಗೆ ಬಂದು ಕೂತಿರುತ್ತವೆ. ಸ್ಟ್ಯಾಂಡರ್ಡಿನಲ್ಲಿ ಅವು ಇಲ್ಲ. ಫಿಲ್ಟರ್ ಜಾಗಕ್ಕೆ ರಿಮೂವ್-ಇಫ್-ನಾಟ್ ಹಾಕಿ. ಇನ್ನೊಂದು, ಆಟೋಲಿಸ್ಪ್‌ನಲ್ಲಿ ಫಂಕ್ಷನ್ನಿಗೂ ವೇರಿಯಬಲ್‌ಗೂ ಒಂದೇ ಹೆಸರಿನ ಪಟ್ಟಿ, ಕಾಮನ್ ಲಿಸ್ಪ್‌ನಲ್ಲಿ ಎರಡು. ಹಾಗಾಗಿ ವೇರಿಯಬಲ್ ಒಳಗಿರುವ ಫಂಕ್ಷನ್ ಕರೆಯುವ ಕಡೆಯೆಲ್ಲಾ ಫನ್‌ಕಾಲ್ ಬೇಕು. ಮರೆತಿದ್ದರೆ ಎಸ್‌ಬಿಸಿಎಲ್ ತಾನೇ ಬೊಬ್ಬೆ ಹಾಕುತ್ತದೆ.

ಗುಂಟೆ ಜಾಗದಲ್ಲಿ ಭಿನ್ನರಾಶಿ ಬರುತ್ತಿದೆ

ಒಂದು ಗುಂಟೆಗೆ 1,089 ಚದರ ಅಡಿ, 40 ಗುಂಟೆಗೆ ಒಂದು ಎಕರೆ. ಹಳೆಯ ಕೋಡಿನಲ್ಲಿ ಈ ಸಾಲು ಇರುತ್ತದೆ:

(/ 60000 1089)

ಆಟೋಲಿಸ್ಪ್‌ನಲ್ಲಿ ಎರಡೂ ಪೂರ್ಣಾಂಕವಾದರೆ ಭಾಗಲಬ್ಧವೂ ಪೂರ್ಣಾಂಕ. ಉತ್ತರ 55. ಉಳಿದ 105 ಚದರ ಅಡಿಯನ್ನು ಮುಂದಿನ ಸಾಲಿನಲ್ಲಿ ರೆಮ್ (ಶೇಷ ಕೊಡುವ ಫಂಕ್ಷನ್) ತೆಗೆದುಕೊಳ್ಳುತ್ತದೆ. 55 ಗುಂಟೆ ಅಂದರೆ 1 ಎಕರೆ 15 ಗುಂಟೆ. ಹಳೆಯ ಕೋಡ್ ಬರೆದವರು ಈ ಕತ್ತರಿಸುವ ಗುಣವನ್ನು ನಂಬಿಕೊಂಡೇ ಬರೆದಿದ್ದಾರೆ.

ಎಐ ಈ ಸಾಲನ್ನು ಹಾಗೇ ಬಿಡುತ್ತದೆ. ಅಕ್ಷರ ಅಕ್ಷರ ಅದೇ ಅಲ್ವಾ, ಬಿಡದೆ ಏನು ಮಾಡೀತು? ಆದರೆ ಕಾಮನ್ ಲಿಸ್ಪ್‌ನಲ್ಲಿ ಇದರ ಉತ್ತರ 20000/363. ಅಲ್ಲಿ ಪೂರ್ಣಾಂಕಗಳ ಭಾಗಾಕಾರ ನಿಖರ ಭಿನ್ನರಾಶಿ ಕೊಡುತ್ತದೆ. ರ್ಯಾಕೆಟ್, ಕ್ಲೋಜರ್ ಕೂಡ ಹಾಗೇ. ಈಮ್ಯಾಕ್ಸ್ ಲಿಸ್ಪ್ ಮಾತ್ರ ಆಟೋಲಿಸ್ಪ್ ತರ ಕತ್ತರಿಸುತ್ತದೆ. 54,450 ಚದರ ಅಡಿ ಕೊಟ್ಟು ಪರೀಕ್ಷೆ ಮಾಡಿದ್ದರೆ ಸರಿಯಾಗಿ 50 ಬಂದು, ನಿಮಗೆ ಏನೂ ಗೊತ್ತಾಗುತ್ತಿರಲಿಲ್ಲ.

20000/363 ಕಣ್ಣಿಗೆ ಬಿದ್ದರೆ ಒಳ್ಳೆಯದೇ. ಕೆಟ್ಟದ್ದು ಆಮೇಲಿನದು. "ಭಿನ್ನರಾಶಿ ಬರುತ್ತಿದೆ, ಪೂರ್ಣ ಸಂಖ್ಯೆ ಬೇಕು" ಅಂತ ಹೇಳಿದರೆ ಎಐ ರೌಂಡ್ ಹಾಕಿಬಿಡಬಹುದು. ಆಗ 55.6 ಗುಂಟೆ 56 ಆಗುತ್ತದೆ. ಇಲ್ಲದ ಜಾಗ ಪಟ್ಟಿಗೆ ಸೇರಿತು. ಇನ್ನೂ ಒಂದು ವಿಚಿತ್ರ ಇದೆ: ಕಾಮನ್ ಲಿಸ್ಪ್ ರೌಂಡ್ ಸರಿಯಾಗಿ ಅರ್ಧ ಬಂದಾಗ ಹತ್ತಿರದ ಸಮ ಸಂಖ್ಯೆಗೆ ಹೋಗುತ್ತದೆ. 2.5 ಕೊಟ್ಟರೆ 2, 3.5 ಕೊಟ್ಟರೆ 4.

ಬೇಕಾದದ್ದು ಟ್ರಂಕೇಟ್. ಅದು ಭಾಗಲಬ್ಧ, ಶೇಷ ಎರಡನ್ನೂ ಒಟ್ಟಿಗೆ ಕೊಡುತ್ತದೆ, ರೆಮ್ ಸಾಲೂ ಉಳಿಯುತ್ತದೆ. ರ್ಯಾಕೆಟ್‌ನಲ್ಲಿ ಕೋಷೆಂಟ್, ಕ್ಲೋಜರ್‌ನಲ್ಲಿ ಕ್ವಾಟ್. ಫ್ಲೋರ್ ಬೇಡ, ಅದು ಯಾವಾಗಲೂ ಕೆಳಗಿನ ಪೂರ್ಣಾಂಕಕ್ಕೆ ಇಳಿಸುತ್ತದೆ. ಜಮೀನಿಗೆ ಫ್ಲೋರ್ ಹಾಕಿದರೂ ಗೊತ್ತಾಗದು, ಮೈನಸ್ ವಿಸ್ತೀರ್ಣ ಇಲ್ಲವಲ್ಲ. ನಾಲೆ ಲೆಕ್ಕದಲ್ಲಿ ಅಗೆತ ಪ್ಲಸ್, ತುಂಬುವುದು ಮೈನಸ್ ಅಂತ ಇಟ್ಟಿರುತ್ತಾರೆ. ಅಲ್ಲಿ ಮೈನಸ್ 7 ಅನ್ನು 2ರಿಂದ ಭಾಗಿಸಿದರೆ ಆಟೋಲಿಸ್ಪ್ ಮೈನಸ್ 3 ಕೊಡುತ್ತದೆ, ಫ್ಲೋರ್ ಮೈನಸ್ 4 ಕೊಡುತ್ತದೆ. ಇದೇ ಕಾರಣಕ್ಕೆ ರೆಮ್ ಇದ್ದ ಕಡೆ ಎಐ ಮಾಡ್ (ಫ್ಲೋರ್ ರೀತಿಯ ಶೇಷ) ಹಾಕಿದೆಯಾ ಅಂತಲೂ ನೋಡಿ.

ಹಳೆಯ ಫೈಲಿನಲ್ಲಿ ಭಾಗಾಕಾರದ ಗುರುತು ಇರುವ ಪ್ರತಿ ಸಾಲನ್ನೂ ಹುಡುಕಿ, ಎರಡೂ ಕಡೆ ಪೂರ್ಣಾಂಕ ಬರಬಹುದಾ ಅಂತ ನೀವೇ ತೀರ್ಮಾನಿಸಿ. 1089 ಅಂತ ಇದ್ದರೆ ಒಂದು ಕಥೆ, 1089.0 ಅಂತ ಇದ್ದರೆ ಬೇರೆ ಕಥೆ. ಆ ಚುಕ್ಕಿ-ಸೊನ್ನೆ ಸುಮ್ನೆ ಹಾಕಿದ್ದಲ್ಲ.

ಸರ್ವೆ ನಂಬರ್ 6/2 ಹೋಗಿ 3 ಆಗಿದೆ

ನಾನು ಕಂಡ ಇಂಥ ದೋಷಗಳಲ್ಲಿ ಅತಿ ಅಪಾಯದ್ದು ಇದೇ ಅಂತ ನನ್ನ ಅಭಿಪ್ರಾಯ. ಪಹಣಿಯಲ್ಲಿ ಸರ್ವೆ ನಂಬರ್ ಜೊತೆ ಹಿಸ್ಸಾ ನಂಬರ್ ಇರುತ್ತದೆ: 6/2, 112/3, 45/1. ಡೇಟಾ ಫೈಲಿನಲ್ಲಿ ಇವು ಉದ್ಧರಣ ಚಿಹ್ನೆ ಇಲ್ಲದೆ ಬರಿದೇ ಕೂತಿವೆ ಅಂತಿಟ್ಟುಕೊಳ್ಳಿ. ಆಟೋಲಿಸ್ಪ್‌ನಲ್ಲಿ ಭಿನ್ನರಾಶಿ ಅನ್ನುವ ಸಂಖ್ಯೆಯ ಜಾತಿಯೇ ಇಲ್ಲ, ಹಾಗಾಗಿ ಅಲ್ಲಿ ಈ ತೊಂದರೆ ಹುಟ್ಟುವುದಿಲ್ಲ.

ಎಐ ಬರೆದ ಹೊಸ ಕೋಡ್ ಫೈಲಿನಿಂದ ರೀಡ್ ಬಳಸಿ ಓದುತ್ತದೆ. ಲಿಸ್ಪ್‌ನಲ್ಲಿ ಅದು ಸಹಜ ಬರವಣಿಗೆ. ಆದರೆ ಕಾಮನ್ ಲಿಸ್ಪ್ ರೀಡರ್‌ಗೆ 6/2 ಅಂದರೆ ಒಂದು ಸಂಖ್ಯೆ, ಬೆಲೆ 3. 112/4 ಅಂದರೆ 28. 4/6 ಅಂದರೆ 2/3. ರ್ಯಾಕೆಟ್, ಕ್ಲೋಜರ್‌ನಲ್ಲೂ ಹೀಗೇ. ಎರರ್ ಇಲ್ಲ, ಎಚ್ಚರಿಕೆ ಇಲ್ಲ. 6/2ರ ವಿಸ್ತೀರ್ಣ ಸೀದಾ ಸರ್ವೆ ನಂಬರ್ 3ರ ಸಾಲಿಗೆ ಹೋಗಿ ಕೂಡಿಕೊಂಡಿತು. ಅದು ಬೇರೆ ಯಾರದೋ ಜಮೀನು. ಒಟ್ಟು ಮೊತ್ತ ಮಾತ್ರ ಸರಿಯಾಗಿಯೇ ಇರುತ್ತದೆ, ಅದಕ್ಕೇ ಮೊತ್ತ ನೋಡಿ ಸಮಾಧಾನ ಪಟ್ಟುಕೊಳ್ಳುವವರಿಗೆ ಇದು ಸಿಗುವುದಿಲ್ಲ. 112/3 ತರದ್ದು ಸರಳವಾಗುವುದಿಲ್ಲ, ಹಾಗೇ ಉಳಿದು ಪ್ರಿಂಟ್ ಆಗುತ್ತದೆ. ಪಟ್ಟಿಯ ಮೊದಲ ಪುಟದಲ್ಲಿ ಅಂಥವೇ ಇದ್ದರೆ ಎಲ್ಲಾ ಚೆನ್ನಾಗಿಯೇ ಕಾಣುತ್ತದೆ.

ಪತ್ತೆ ಮಾಡಲು ಒಳಗೆ ಹೋದ ಸಾಲುಗಳೆಷ್ಟು, ಹೊರಗೆ ಬಂದ ಬೇರೆ ಬೇರೆ ಸರ್ವೆ ನಂಬರ್‌ಗಳೆಷ್ಟು ಅಂತ ಹೋಲಿಸಿ. ಕಡಿಮೆ ಬಂದರೆ ಎಲ್ಲೋ ಎರಡು ಒಂದಾಗಿವೆ. ಸರಿ ಮಾಡಲು ಸಾಲನ್ನು ರೀಡ್-ಲೈನ್‌ನಿಂದ ಅಕ್ಷರಮಾಲೆಯಾಗಿಯೇ ಓದಿ, ಸರ್ವೆ ನಂಬರನ್ನು ಎಂದೂ ಸಂಖ್ಯೆ ಮಾಡಬೇಡಿ. "ಸರ್ವೆ ನಂಬರ್ ಒಂದು ಹೆಸರು, ಸಂಖ್ಯೆ ಅಲ್ಲ" ಅನ್ನುವ ಮಾತನ್ನು ಎಐಗೆ ಕೊಡುವ ಸೂಚನೆಯಲ್ಲೂ ಸೇರಿಸಿ. ಭಾಷೆಯ ನಿಯಮ ಅದಕ್ಕೆ ಗೊತ್ತಿರಬಹುದು. ನಿಮ್ಮ ಫೈಲಿನ ಎರಡನೇ ಕಾಲಂ ಹಿಸ್ಸಾ ನಂಬರ್ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು?

ಹೆಸರು ಪಟ್ಟಿಯಲ್ಲಿದೆ, ಹುಡುಕಿದರೆ ಇಲ್ಲ ಅನ್ನುತ್ತದೆ

ಈಗ ಸರ್ವೆ ನಂಬರ್ ಅಕ್ಷರಮಾಲೆ ಆಯಿತು. ತಕ್ಷಣ ಮುಂದಿನ ದೋಷ ಎದುರಾಗುತ್ತದೆ. ಪಟ್ಟಿಯಲ್ಲಿ ಹುಡುಕುವ ಅಸೋಕ್ ಎಲ್ಲದಕ್ಕೂ ನಿಲ್ (ಏನೂ ಇಲ್ಲ) ಕೊಡುತ್ತದೆ.

ಆಟೋಲಿಸ್ಪ್‌ನ ಅಸೋಕ್ ಒಳಗಿನ ಅಕ್ಷರ ನೋಡಿ ಹೋಲಿಸುತ್ತದೆ. "ಮದ್ದೂರು" ಅಂತ ಹುಡುಕಿದರೆ "ಮದ್ದೂರು" ಸಿಗುತ್ತದೆ. ಸ್ಕೀಮ್, ಈಮ್ಯಾಕ್ಸ್ ಲಿಸ್ಪ್‌ನಲ್ಲೂ ಸಿಗುತ್ತದೆ. ಕಾಮನ್ ಲಿಸ್ಪ್‌ನ ಅಸೋಕ್ ಏನೂ ಹೇಳದಿದ್ದರೆ ಈಕ್ಯೂಎಲ್ ಅನ್ನುವ ಹೋಲಿಕೆ ಬಳಸುತ್ತದೆ. ಅದಕ್ಕೆ ಎರಡು ಬೇರೆ ಬೇರೆ ಜಾಗದಲ್ಲಿರುವ "ಮದ್ದೂರು" ಒಂದೇ ಅಲ್ಲ. ಕ್ಲೋಜರ್‌ನಲ್ಲಂತೂ ಅಸೋಕ್ ಅಂದರೆ ಹುಡುಕುವುದೇ ಅಲ್ಲ, ಮ್ಯಾಪ್‌ಗೆ ಹೊಸ ಕೀ ಸೇರಿಸುವುದು. ಮಂಡ್ಯದ ಒಂದೊಂದು ಊರಲ್ಲೂ ಒಬ್ಬೊಬ್ಬ ಬೋರೇಗೌಡ ಇದ್ದ ಹಾಗೆ ಇದು. ಹೆಸರು ಕರೆದರೆ ಯಾರೋ ಒಬ್ಬರು ಓ ಅನ್ನುತ್ತಾರೆ.

ಈ ದೋಷ ಪರೀಕ್ಷೆಯಲ್ಲಿ ತಪ್ಪಿಸಿಕೊಳ್ಳುವುದಕ್ಕೆ ಕಾರಣ ಇದೆ. ಡ್ರಾಯಿಂಗಿನ ವಸ್ತುಗಳ ವಿವರದಲ್ಲಿ ಕೀಗಳು ಡಿಎಕ್ಸ್‌ಎಫ್ ಕೋಡ್‌ಗಳು: 10, 40, ಹೀಗೆ ಸಣ್ಣ ಪೂರ್ಣಾಂಕಗಳು. ಈಕ್ಯೂಎಲ್‌ಗೆ ಪೂರ್ಣಾಂಕ ಸಲೀಸು. ಆ ಭಾಗ ಚೆನ್ನಾಗಿ ಓಡುತ್ತದೆ. ಊರ ಹೆಸರು, ಸರ್ವೆ ನಂಬರ್ ಬಂದಾಗ ಮಾತ್ರ ಮುಗ್ಗರಿಸುತ್ತದೆ. ಅಸೋಕ್, ಮೆಂಬರ್ ಎರಡಕ್ಕೂ ಟೆಸ್ಟ್ ಆಗಿ ಈಕ್ವಲ್ ಕೊಡಿ. ಹ್ಯಾಶ್ ಟೇಬಲ್ ಮಾಡಿದ್ದರೆ ಅದಕ್ಕೂ ಕೊಡಿ. ಆಟೋಲಿಸ್ಪ್‌ನಲ್ಲಿ ಸಮ ಚಿಹ್ನೆಯೇ ಅಕ್ಷರಮಾಲೆಗೂ ನಡೆಯುತ್ತದೆ, ಕಾಮನ್ ಲಿಸ್ಪ್‌ನಲ್ಲಿ ಅದು ಸಂಖ್ಯೆಗೆ ಮಾತ್ರ. ಅಲ್ಲಿ ಎರರ್ ಬರುತ್ತದೆ, ಚಿಂತೆ ಇಲ್ಲ.

ಕನ್ನಡ ಲೇಬಲ್ ಇದ್ದರೆ ಇನ್ನೊಂದು ಅನುಮಾನ ಇಟ್ಟುಕೊಳ್ಳಿ. ಹಳೆಯ ಡ್ರಾಯಿಂಗ್‌ಗಳಲ್ಲಿ ಊರ ಹೆಸರನ್ನು ಯೂನಿಕೋಡ್ ಅಲ್ಲದ ನುಡಿ ಫಾಂಟಿನಲ್ಲಿ ಟೈಪ್ ಮಾಡಿರುತ್ತಾರೆ. ಫಾಂಟ್ ತೆಗೆದರೆ ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳ ಗುಪ್ಪೆ. ಎಐ ಅದನ್ನು ಕೆಟ್ಟುಹೋದ ಅಕ್ಷರ ಅಂತ ತಿಳಿದು ತಾನೇ "ಸರಿ" ಮಾಡಿರುತ್ತದೆ. ಕೋಡಿನೊಳಗಿನ ಅಕ್ಷರಮಾಲೆಗಳನ್ನು ಎರಡೂ ಫೈಲಿನಿಂದ ತೆಗೆದು ಹೋಲಿಸಿದರೆ ಗೊತ್ತಾಗುತ್ತದೆ.

ಎರರ್ ಹೋಯಿತು, ಮೊತ್ತ ಸೊನ್ನೆ ಬಂತು

ಆಟೋಲಿಸ್ಪ್‌ನಲ್ಲಿ ಫಂಕ್ಷನ್ ಬರೆಯುವ ರೀತಿ ಹೀಗೆ:

(ಡಿಫನ್ ಒಟ್ಟು-ಮಾಡು (ಊರು / ಪಟ್ಟಿ ಮೊತ್ತ) ...)

ಓರೆಗೆರೆಯ ಎಡಕ್ಕೆ ಇರುವುದು ಕೊಡುವ ಬೆಲೆ, ಬಲಕ್ಕೆ ಇರುವುದು ಒಳಗಿನ ವೇರಿಯಬಲ್. ಎಐ ಬಲಗಡೆಯದನ್ನು ಐಚ್ಛಿಕ ಬೆಲೆ ಅಂತ ತಿಳಿದಿದೆಯಾ ಅಂತ ಮೊದಲು ನೋಡಿ. ಅವು ಲೆಟ್ (ಒಳಗಿನ ವೇರಿಯಬಲ್ ಹುಟ್ಟಿಸುವ ಪದ) ಒಳಗೆ ಹೋಗಬೇಕು.

ಇದಕ್ಕಿಂತ ಆಳದ್ದು ಮುಂದಿದೆ. ಆಟೋಲಿಸ್ಪ್‌ನಲ್ಲಿ ಕರೆದ ಫಂಕ್ಷನ್ನಿನ ವೇರಿಯಬಲ್‌ಗಳು ಕರೆಸಿಕೊಂಡ ಫಂಕ್ಷನ್ನಿಗೂ ಕಾಣುತ್ತವೆ. ಒಟ್ಟು-ಮಾಡು ಒಳಗಿನ ಪಟ್ಟಿಯನ್ನು ಅದು ಕರೆಯುವ ಸಾಲು-ಕೂಡು ಏನನ್ನೂ ಕೇಳದೆ ಓದಬಹುದು. ಹಳೆಯ ಕೋಡುಗಳಲ್ಲಿ ಈ ಸಲಿಗೆ ತುಂಬಾ ಜಾಸ್ತಿ. ಕಾಮನ್ ಲಿಸ್ಪ್‌ನಲ್ಲಿ ಸಾಮಾನ್ಯ ಲೆಟ್‌ಗೆ ಈ ಗುಣ ಇಲ್ಲ. ರ್ಯಾಕೆಟ್, ಕ್ಲೋಜರ್‌ನಲ್ಲೂ ಇಲ್ಲ. ಬರೆದ ಜಾಗದಲ್ಲಿ ಕಾಣದಿದ್ದರೆ ಇಲ್ಲವೇ ಇಲ್ಲ.

ಮೊದಲ ಸಲ ಓಡಿಸಿದಾಗ ಪಟ್ಟಿ ಅನ್ನುವ ವೇರಿಯಬಲ್ ಇಲ್ಲ ಅಂತ ಎರರ್ ಬರುತ್ತದೆ. ಅದನ್ನು ಎಐಗೆ ಅಂಟಿಸುತ್ತೀರಿ. ರ್ಯಾಕೆಟ್ ಆದರೆ ಅದು ಫೈಲಿನ ತಲೆಯಲ್ಲಿ ಪಟ್ಟಿ ಅನ್ನುವುದನ್ನು ಖಾಲಿಯಾಗಿ ಡಿಫೈನ್ ಮಾಡಿಬಿಡುತ್ತದೆ. ಎರರ್ ಮಾಯ. ಈಗ ಒಟ್ಟು-ಮಾಡು ತನ್ನ ಲೆಟ್ ಒಳಗಿನ ಪಟ್ಟಿಯನ್ನು ತುಂಬುತ್ತದೆ, ಸಾಲು-ಕೂಡು ಫೈಲಿನ ತಲೆಯ ಖಾಲಿ ಪಟ್ಟಿಯನ್ನು ನೋಡುತ್ತದೆ. ಮೊತ್ತ ಸೊನ್ನೆ. ಎರರ್ ತೋರಿಸುತ್ತಿದ್ದ ದೋಷವನ್ನು ಮುಚ್ಚಿಟ್ಟಂತೆ ಆಯಿತು, ಅಷ್ಟೇ.

ನನ್ನ ಕೇಳಿದರೆ ಒಳ್ಳೆಯ ದಾರಿ ಅಂದರೆ ಸಾಲು-ಕೂಡು ಫಂಕ್ಷನ್ನಿಗೆ ಪಟ್ಟಿಯನ್ನು ಕೈಗೇ ಕೊಡುವುದು. ಕೋಡ್ ದೊಡ್ಡದು, ಎಲ್ಲಾ ಕಡೆ ಬದಲಿಸಲು ಆಗದು ಅಂದರೆ ಕಾಮನ್ ಲಿಸ್ಪ್‌ನಲ್ಲಿ ಡೆಫ್‌ವಾರ್ ಹಾಕಿ. ಆಗ ಆ ಹೆಸರಿನ ಲೆಟ್ ಆಟೋಲಿಸ್ಪ್ ತರವೇ ನಡೆದುಕೊಳ್ಳುತ್ತದೆ. ಡೆಫ್‌ವಾರ್ ಮಾತ್ರ ಆ ಫಂಕ್ಷನ್‌ಗಳಿಗಿಂತ ಮೇಲೆ ಇರಬೇಕು, ಕೆಳಗಿದ್ದರೆ ಕಂಪೈಲ್ ಆಗುವಾಗ ಲೆಟ್‌ಗೆ ವಿಷಯ ಗೊತ್ತಿರುವುದಿಲ್ಲ. ರ್ಯಾಕೆಟ್‌ನಲ್ಲಿ ಪ್ಯಾರಾಮೀಟರೈಸ್ ಇದೆ. ಕ್ಲೋಜರ್‌ನಲ್ಲಿ ಡೈನಮಿಕ್ ಅಂತ ಗುರುತು ಹಾಕಿದ ವೇರಿಯಬಲ್ ಮತ್ತು ಬೈಂಡಿಂಗ್ ಇದೆ, ಆದರೆ ಅಲ್ಲೊಂದು ಗುಂಡಿ. ಕ್ಲೋಜರ್‌ನ ಮ್ಯಾಪ್ ಸೋಮಾರಿ, ಬೇಕಾದಾಗ ಮಾತ್ರ ಲೆಕ್ಕ ಮಾಡುತ್ತದೆ. ಬೈಂಡಿಂಗ್‌ನಿಂದ ಹೊರಗೆ ಬಂದ ಮೇಲೆ ಲೆಕ್ಕ ಶುರುವಾದರೆ ಅದಕ್ಕೆ ಹಳೆಯ ಬೆಲೆಯೇ ಕಾಣುತ್ತದೆ. ಡೂಆಲ್ ಹಾಕಿ ಒಳಗೇ ಮುಗಿಸಬೇಕು.

ಎಸ್‌ಬಿಸಿಎಲ್ ಕಂಪೈಲ್ ಮಾಡುವಾಗ "ಡಿಫೈನ್ ಆಗದ ವೇರಿಯಬಲ್" ಅಂತ ಕೊಡುವ ಎಚ್ಚರಿಕೆಗಳನ್ನು ಓದದೆ ದಾಟಬೇಡಿ. ಈ ದೋಷದ ವಿಳಾಸ ಅಲ್ಲೇ ಇರುತ್ತದೆ. ಅದರಲ್ಲಿ ಕೆಲವು ಹಳೆಯ ಕೋಡಿನದೇ ಟೈಪಿಂಗ್ ತಪ್ಪು ಇರಬಹುದು. ಆಟೋಲಿಸ್ಪ್‌ನಲ್ಲಿ ಬೆಲೆ ಕೊಡದ ವೇರಿಯಬಲ್ ಓದಿದರೆ ಸುಮ್ನೆ ನಿಲ್ ಬರುತ್ತದೆ, ಬಾಯಿ ಬಿಡುವುದಿಲ್ಲ. ಕಾಗುಣಿತ ತಪ್ಪಿದ ಹೆಸರು ವರ್ಷಗಟ್ಟಲೆ ಹಾಗೇ ಬದುಕಿರುತ್ತದೆ.

ಲೂಪ್ ನಿಲ್ಲುತ್ತಿಲ್ಲ

ಆಟೋಲಿಸ್ಪ್ ಮತ್ತು ಕಾಮನ್ ಲಿಸ್ಪ್‌ನಲ್ಲಿ ನಿಲ್, ಖಾಲಿ ಪಟ್ಟಿ, ಸುಳ್ಳು ಮೂರೂ ಒಂದೇ. ಹಾಗಾಗಿ ಇವೆರಡರ ನಡುವೆ ಈ ದೋಷ ಬರುವುದು ಕಡಿಮೆ. ಸ್ಕೀಮ್ ಕಡೆ ಹೋದರೆ ಖಾಲಿ ಪಟ್ಟಿಯೂ ನಿಜವೇ. "ಪಟ್ಟಿ ಇರುವ ತನಕ" ಅನ್ನುವ ಲೂಪ್ ಖಾಲಿಯಾದ ಮೇಲೂ ಮುಂದುವರಿದು ಕುಡರ್ (ಮೊದಲನೆಯದು ಬಿಟ್ಟು ಉಳಿದ ಪಟ್ಟಿ) ತೆಗೆಯಲು ಹೋಗಿ ಎರರ್ ಕೊಡುತ್ತದೆ. ಕ್ಲೋಜರ್‌ನಲ್ಲಿ ಎರರ್ ಕೂಡ ಇಲ್ಲ. ಅಲ್ಲಿ ಕುಡರ್ ಕೆಲಸ ಮಾಡುವ ರೆಸ್ಟ್ ಎಷ್ಟು ಸಲ ತೆಗೆದರೂ ಖಾಲಿ ಪಟ್ಟಿಯೇ ಬರುತ್ತದೆ, ನಿಲ್ ಬರುವುದಿಲ್ಲ, ಖಾಲಿ ಪಟ್ಟಿ ನಿಜ. ಫ್ಯಾನ್ ಜೋರಾಗಿ ತಿರುಗುತ್ತದೆ, ಪ್ರೋಗ್ರಾಂ ಮುಗಿಯುವುದಿಲ್ಲ. ರೆಸ್ಟ್ ಬದಲು ನೆಕ್ಸ್ಟ್ ಹಾಕಿ, ಅಥವಾ ಪರೀಕ್ಷೆಯಲ್ಲಿ ಸೀಕ್ ಬಳಸಿ.

ಕ್ಲೋಜರ್‌ನಲ್ಲೇ ಇನ್ನೆರಡು. ಅಲ್ಲಿ ಲೆಟ್ ಒಂದಾದ ಮೇಲೊಂದು ಬೆಲೆ ಕೊಡುತ್ತದೆ, ಕಾಮನ್ ಲಿಸ್ಪ್‌ನ ಲೆಟ್ ಎಲ್ಲವನ್ನೂ ಒಟ್ಟಿಗೆ ಕೊಡುತ್ತದೆ. ಎರಡು ಬೆಲೆಗಳನ್ನು ಅದಲು ಬದಲು ಮಾಡುವ ಲೆಟ್ ಇದ್ದರೆ ಎರಡೂ ಒಂದೇ ಆಗಿಬಿಡುತ್ತವೆ. ಇನ್ನೊಂದು ಮ್ಯಾಕ್ರೋದ್ದು: ಕಾಮನ್ ಲಿಸ್ಪ್ ಮ್ಯಾಕ್ರೋದಲ್ಲಿ ಅಲ್ಪವಿರಾಮಕ್ಕೆ ದೊಡ್ಡ ಕೆಲಸ ಇದೆ, ಕ್ಲೋಜರ್ ಅದನ್ನು ಬರೀ ಖಾಲಿ ಜಾಗ ಅಂತ ನೋಡುತ್ತದೆ.

1.30 ಮತ್ತು 1.20 ಕೂಡಿದರೆ 2.50

ಇದು ಲಿಸ್ಪ್ ಭೇದದ ದೋಷ ಅಲ್ಲ, ಎಐನ ಅತಿ ಬುದ್ಧಿವಂತಿಕೆಯದು. ನಮ್ಮಲ್ಲಿ 1 ಎಕರೆ 30 ಗುಂಟೆಯನ್ನು 1.30 ಅಂತ ಬರೆಯುವ ರೂಢಿ ಇದೆ. ಹಳೆಯ ಕೋಡು ಅದನ್ನು ಚುಕ್ಕಿಯ ಹತ್ತಿರ ಕತ್ತರಿಸಿ, ಗುಂಟೆ ಬೇರೆ, ಎಕರೆ ಬೇರೆ ಕೂಡಿ, 40 ಮುಟ್ಟಿದರೆ ಎಕರೆಗೆ ಸಾಗಿಸುತ್ತದೆ. ಸರಿ ಉತ್ತರ 3 ಎಕರೆ 10 ಗುಂಟೆ. ಎಐಗೆ ಇದು ದಶಾಂಶ ಸಂಖ್ಯೆಯನ್ನು ಸುತ್ತಿಬಳಸಿ ಕೂಡುವ ದಡ್ಡ ಕೋಡ್ ಹಾಗೆ ಕಾಣುತ್ತದೆ. ನಾಲ್ಕು ಸಾಲನ್ನು ಒಂದು ಪ್ಲಸ್‌ಗೆ ಇಳಿಸಿ, "ಸರಳಗೊಳಿಸಿದ್ದೇನೆ" ಅಂತ ಕಾಮೆಂಟ್ ಬರೆಯುತ್ತದೆ.

0.39 ಮತ್ತು 0.01 ಕೊಟ್ಟು ನೋಡಿ. 1.00 ಬರಬೇಕು. 0.40 ಬಂದರೆ ಈ ದೋಷವೇ. ಜೊತೆಗೆ ಔಟ್‌ಪುಟ್‌ನಲ್ಲಿ ಗುಂಟೆ 40 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಪ್ರೋಗ್ರಾಂ ನಿಲ್ಲುವ ಹಾಗೆ ಒಂದು ಪರೀಕ್ಷೆ ಸೇರಿಸಿ. ತಿರುಗಿಸಲು ಕೊಡುವಾಗಲೇ "ಏನನ್ನೂ ಸುಧಾರಿಸಬೇಡ, ಚಿಕ್ಕದು ಮಾಡಬೇಡ, ತಪ್ಪು ಕಂಡರೂ ತಿದ್ದದೆ ಪಟ್ಟಿ ಮಾಡಿ ಕೊಡು" ಅಂತ ಬರೆಯಿರಿ.

ಎಐಗೆ ಏನು ಕೊಡಬೇಕು

ದೋಷದ ಜಾಗ ಸಿಕ್ಕಿದ ಮೇಲೆ ಎಐ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಆ ಒಂದು ಫಂಕ್ಷನ್ನಿನ ಹಳೆಯ ರೂಪ, ಹೊಸ ರೂಪ, ಕೊಟ್ಟ ಇನ್‌ಪುಟ್, ಬರಬೇಕಾದ ಉತ್ತರ, ಬಂದ ಉತ್ತರ, ಇಷ್ಟನ್ನು ಹೊಸ ಸಂಭಾಷಣೆಯಲ್ಲಿ ಕೊಡಿ. ಹಳೆಯ ಸಂಭಾಷಣೆಯಲ್ಲೇ ಮುಂದುವರಿಸಿದರೆ ತಾನು ಮೊದಲು ಬರೆದದ್ದನ್ನೇ ಸಮರ್ಥಿಸುತ್ತಾ ಸುತ್ತುತ್ತದೆ. "ಲಿಸ್ಪ್" ಅಂತ ಬರೀ ಹೇಳಬೇಡಿ, ಯಾವ ಲಿಸ್ಪ್‌ನಿಂದ ಯಾವುದಕ್ಕೆ ಅಂತ ಹೇಳಿ. "ಪರೀಕ್ಷಿಸಿದ್ದೇನೆ, ಉತ್ತರ 55" ಅಂತ ಅದು ಬರೆದರೆ ನಿಜಕ್ಕೂ ಓಡಿಸಿರಬೇಕು ಅಂತಿಲ್ಲ. ನಿಮ್ಮ ಎಸ್‌ಬಿಸಿಎಲ್‌ನಲ್ಲಿ ಬಂದ 55 ಮಾತ್ರ 55. ಮಾಲೀಕರ ಹೆಸರಿರುವ ಡೇಟಾ ಫೈಲನ್ನು ಹಾಗೇ ಅಂಟಿಸಬೇಡಿ, ಬೇರೆ ಹೆಸರು ಹಾಕಿ ಕೊಟ್ಟರೂ ಕೆಲಸ ನಡೆಯುತ್ತದೆ.

ಡ್ರಾಯಿಂಗ್ ಮುಟ್ಟುವ ಎಂಟ್‌ಗೆಟ್, ಎಸ್‌ಎಸ್‌ಗೆಟ್, ಕಮಾಂಡ್ ತರದ ಫಂಕ್ಷನ್‌ಗಳನ್ನು ತಿರುಗಿಸಲು ಕೊಡಲೇಬೇಡಿ. ಕ್ಯಾಡ್ ಹೊರಗೆ ಅವಕ್ಕೆ ಅರ್ಥವಿಲ್ಲ. ಕೊಟ್ಟರೆ ಎಐ ಅದೇ ಹೆಸರಿನ ಪೊಳ್ಳು ಫಂಕ್ಷನ್ ಸೃಷ್ಟಿಸುತ್ತದೆ, ಅದು ಖಾಲಿ ಪಟ್ಟಿ ಕೊಡುತ್ತಾ ಕೂರುತ್ತದೆ. ಆ ಭಾಗ ಆಟೋಲಿಸ್ಪ್‌ನಲ್ಲೇ ಇರಲಿ, ಅಳತೆಗಳನ್ನು ಫೈಲಿಗೆ ಬರೆಯಲಿ. ಹೊಸ ಕೋಡ್ ಆ ಫೈಲನ್ನು ಓದಲಿ.

ಹೊಸದೇ ಸರಿ ಇದ್ದರೆ

ಎರಡು ಉತ್ತರ ಬೇರೆ ಬಂದರೆ ಹಳೆಯದೇ ಸರಿ ಅಂತ ಹಿಡಿದುಕೊಂಡು ಬಂದೆವು. ಯಾವಾಗಲೂ ಹಾಗಿರುವುದಿಲ್ಲ. ಆಟೋಲಿಸ್ಪ್‌ನ ವಿಎಲ್-ಸಾರ್ಟ್ ವಿಂಗಡಿಸುವಾಗ ಒಂದೇ ತರದ ಬೆಲೆಗಳನ್ನು ಬಿಟ್ಟುಬಿಡಬಹುದು ಅಂತ ಅದರ ಕೈಪಿಡಿಯೇ ಹೇಳುತ್ತದೆ. (3 2 1 3) ಕೊಟ್ಟರೆ (1 2 3) ಬರುತ್ತದೆ. 20, 15, 20, 10 ಗುಂಟೆಯ ನಾಲ್ಕು ತುಂಡುಗಳನ್ನು ವಿಂಗಡಿಸಿ ಕೂಡಿದರೆ ಒಂದು 20 ಬಿದ್ದುಹೋಗಿ 65ರ ಬದಲು 45 ಆಗುತ್ತದೆ. ಕಾಮನ್ ಲಿಸ್ಪ್‌ನ ಸಾರ್ಟ್ ನಾಲ್ಕನ್ನೂ ಇಟ್ಟುಕೊಳ್ಳುತ್ತದೆ. ಅದಕ್ಕೆ ಬೇರೆ ಚಾಳಿ ಇದೆ, ಮೂಲ ಪಟ್ಟಿಯನ್ನೇ ಕೆಡಿಸಬಹುದು. ಮೊದಲು ಕಾಪಿ-ಲಿಸ್ಟ್ ಮಾಡಿ, ಬಂದ ಉತ್ತರವನ್ನು ಹಿಡಿದಿಟ್ಟುಕೊಳ್ಳಿ.

ಪೂರ್ಣಾಂಕದ ಮಿತಿಯೂ ಹೀಗೇ. ಆಟೋಲಿಸ್ಪ್ ಪೂರ್ಣಾಂಕ 32 ಬಿಟ್‌ನದು, 2,147,483,647 ದಾಟುವ ಲೆಕ್ಕ ಸುತ್ತಿಕೊಂಡು ಮೈನಸ್‌ಗೆ ಹೋಗುತ್ತದೆ. ಒಂದು ಗುಂಟೆ ಅಂದರೆ ಸುಮಾರು 101.17 ಚದರ ಮೀಟರ್. ಅಳತೆಗಳು ಮಿಲಿಮೀಟರ್ ಪೂರ್ಣಾಂಕದಲ್ಲಿದ್ದು ಉದ್ದ ಅಗಲ ಗುಣಿಸಿದರೆ 22 ಗುಂಟೆಗೇ ಮಿತಿ ದಾಟಿತು. ಕಾಮನ್ ಲಿಸ್ಪ್‌ಗೆ ಈ ಮಿತಿ ಇಲ್ಲ.

ಇಂಥ ಕಡೆ ಹೊಸ ಕೋಡನ್ನು ಹಳೆಯದಕ್ಕೆ ಹೊಂದಿಸಲು ಹೋಗಬೇಡಿ. ಎಐ ಕೇಳಿದರೆ ಮಾಡಿಕೊಡುತ್ತದೆ, ರಿಮೂವ್-ಡೂಪ್ಲಿಕೇಟ್ಸ್ ಹಾಕಿ 45 ತಂದುಕೊಡುತ್ತದೆ. ಆ ಇನ್‌ಪುಟ್, ಎರಡು ಉತ್ತರ, ಕಾರಣ ಮೂರನ್ನೂ ಒಂದು ಬೇರೆ ಫೈಲಿನಲ್ಲಿ ಬರೆದು, ಲೆಕ್ಕಕ್ಕೆ ಸಹಿ ಹಾಕುವ ಎಂಜಿನಿಯರ್ ಮುಂದೆ ಇಡಿ. ಹಳೆಯ ಕೋಡಿನಿಂದ ಈಗಾಗಲೇ ಹೊರಗೆ ಹೋದ ಪಟ್ಟಿಗಳಲ್ಲಿ ಒಂದೇ ಅಳತೆಯ ಎರಡು ತುಂಡುಗಳು ಎಲ್ಲೆಲ್ಲಿ ಇದ್ದವು ಅಂತಲೂ ಹುಡುಕಿ ಕೊಡಿ. ಅವರು ಕೇಳುವ ಮೊದಲ ಪ್ರಶ್ನೆ ಅದೇ ಆಗಿರುತ್ತದೆ.